ಪೀಠಿಕೆಯಲ್ಲಿ ಸಿಕ್ಕ ಬಸವಣ್ಣ

ಎಸ್ಸೆಸ್ಸೆಲ್ಸಿ ಕನ್ನಡ ಪೇಪರಿನಲ್ಲಿ ಪ್ರಬಂಧ ಬರೆದವರಿಗೆಲ್ಲ ಆ ಮೂರು ತಲೆಬರಹ ಬಾಯಿಪಾಠ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರರಲ್ಲಿ ಪೀಠಿಕೆಯದ್ದು ದೇವರ ಮುಂದೆ ಊದುಬತ್ತಿ ಹಚ್ಚೋ ಕೆಲಸ. ವರದಕ್ಷಿಣೆ ಪಿಡುಗು ಇರಲಿ, ಪರಿಸರ ಮಾಲಿನ್ಯ ಇರಲಿ, ಗ್ರಂಥಾಲಯಗಳ ಮಹತ್ವ ಇರಲಿ, ‘ಮಾನವನು ಸಂಘಜೀವಿ’ ಅಂತ ಶುರು ಮಾಡಿದ್ರೆ ಮುಗೀತು. ಆಮೇಲೆ ನಾವೆಲ್ಲ ಬೆಂಗಳೂರಿಗೆ ಬಂದ್ವಿ, ಕೈಗೆ ಲ್ಯಾಪ್‌ಟಾಪ್ ಬಂತು, ಪೀಠಿಕೆ ಮಾತ್ರ ಹಾಗೇ ಉಳೀತು. ‘ಇಂದಿನ ವೇಗದ ಡಿಜಿಟಲ್ ಯುಗದಲ್ಲಿ’ ಅಂತ ಶುರುವಾಗೋ ಪ್ರಪೋಸಲ್ಲು ವಾರಕ್ಕೆ ನಾಲ್ಕಾದರೂ ನನ್ನ ಮೇಲ್‌ಬಾಕ್ಸಿಗೆ ಬೀಳ್ತಾವೆ. ಮೊದಲ ಪ್ಯಾರಾ ಎಲ್ಲರೂ ಹಾರಿಸಿ ಓದ್ತಾರೆ. ಬರೆದವನಿಗೂ ಅದು ಗೊತ್ತು, ಅದಕ್ಕೇ ಅವನು ಅಲ್ಲಿ ಏನೂ ಇಡೋದಿಲ್ಲ.

ಏನನ್ನಾದರೂ ವಾದಿಸಿ ಒಪ್ಪಿಸಬೇಕಾದ ಬರಹಕ್ಕೆ ಇದು ದೊಡ್ಡ ನಷ್ಟ. ಯಾರು ಮಾತಾಡ್ತಿದ್ದಾರೆ, ತಕರಾರು ಯಾವುದರ ಬಗ್ಗೆ, ಯಾವುದನ್ನ ಸಾಕ್ಷಿ ಅಂತ ಒಪ್ಪಿಕೊಳ್ಳೋಣ, ಈ ಮೂರೂ ತೀರ್ಮಾನ ಆಗೋದು ಪೀಠಿಕೆಯಲ್ಲೇ. ಆ ಪ್ಯಾರಾ ದಾಟೋವಷ್ಟರಲ್ಲಿ ಅರ್ಧ ವಾದ ಗೆದ್ದಿರುತ್ತೆ, ಇಲ್ಲ ಸೋತಿರುತ್ತೆ. ಇದಕ್ಕೆ ನನ್ನ ಹತ್ರ ಇರೋ ಉದಾಹರಣೆಗಳು ಇಂಗ್ಲಿಷ್ ರೈಟಿಂಗ್ ಕೋರ್ಸಿನವಲ್ಲ, ನಮ್ಮ ವಿಜಯಪುರ ಜಿಲ್ಲೆಯ ಕಲ್ಲುಗಳವು. ನಮ್ಮೂರು ಸಿಂದಗಿ ತಾಲ್ಲೂಕು, ಅವ್ವನ ತವರು ಇಂಡಿ ಕಡೆ, ಸೋದರತ್ತೆಯ ಮನೆ ಮುದ್ದೇಬಿಹಾಳ. ಅತ್ತೆಯ ಊರಿಗೆ ಹೋಗೋವಾಗ ಬಾಗೇವಾಡಿ ಮೇಲೆ ಹೋಗೋ ಬಸ್ಸು ಹತ್ತತಿದ್ವಿ. ಬಸವನ ಬಾಗೇವಾಡಿ, ಬಸವಣ್ಣನವರ ಊರು. ಆ ಊರಿನ ಆ ಮನುಷ್ಯನ ಬಗ್ಗೆ ಪುರಾಣಗಳು ಹೇಳೋದನ್ನ ಇತಿಹಾಸ ಅಂತ ಒಪ್ಪಬಹುದೋ ಇಲ್ಲವೋ ಅನ್ನೋ ಜಗಳ ನೂರಿಪ್ಪತ್ತು ವರ್ಷದ ಹಿಂದೆ ಜೋರಾಗಿ ನಡೆದಿತ್ತು. ಅದಕ್ಕೆ ಗಟ್ಟಿ ಉತ್ತರ ಕೊನೆಗೆ ಸಿಕ್ಕಿದ್ದು ಒಂದು ದಾನಪತ್ರದ ಪೀಠಿಕೆಯಲ್ಲಿ. ಅಲ್ಲಿಗೆ ಬರೋದಕ್ಕೆ ಮೊದಲು ಶಾಸನಗಳ ಪೀಠಿಕೆ ಹೇಗಿರ್ತವೆ ಅಂತ ಸ್ವಲ್ಪ ನೋಡೋಣ.

ಶಾಸನ ಅಂದ ಕೂಡಲೇ ನಮಗೆ ನೆನಪಾಗೋದು ಮ್ಯೂಸಿಯಂ ಅಂಗಳದಲ್ಲಿ ಬಿಸಿಲಿಗೆ ಕಾಯುತ್ತ ನಿಂತ ಕಲ್ಲು. ಆದರೆ ಕೊರೆಸಿದ ದಿನ ಅದೊಂದು ವಾದವೇ ಆಗಿತ್ತು. ಈ ಹೊಲ ಇವರದ್ದು, ಇನ್ಯಾರೂ ಕಿತ್ತುಕೊಳ್ಳೋ ಹಾಗಿಲ್ಲ ಅನ್ನೋ ವಾದ. ಎದುರಾಳಿ ಇನ್ನೂ ಹುಟ್ಟಿರೋದಿಲ್ಲ ಅನ್ನೋದೇ ಇದರ ಮಜಾ. ನೂರು ವರ್ಷ ಬಿಟ್ಟು ಬರೋ ಯಾವನೋ ರಾಜ, ಯಾವನೋ ಊರ ಗೌಡ, ದುರಾಸೆಯ ದಾಯಾದಿ ಇವರಿಗೆಲ್ಲ ಮುಂಚಿತವಾಗಿ ಉತ್ತರ ಕೊಡಬೇಕು. ಅದಕ್ಕೇ ಕಲ್ಲಿನ ಮಾತಿಗೆ ಒಂದು ಕ್ರಮ ಬಂತು. ಮೊದಲು ದೇವರ ಸ್ತುತಿ ಅಥವಾ ‘ಸ್ವಸ್ತಿ’. ಆಮೇಲೆ ಆಳುವ ಚಕ್ರವರ್ತಿ, ಅವನ ಬಿರುದುಗಳ ಸಾಲು. ಅವನ ಕೈಕೆಳಗಿನ ಸಾಮಂತ, ಅಧಿಕಾರಿ, ಊರಿನ ಮಹಾಜನರು. ದಾನ ಕೊಡುವವನ ವಂಶ, ಪಡೆಯುವವನ ವಂಶ. ಶಕ ವರ್ಷ, ತಿಥಿ, ವಾರ, ಗ್ರಹಣ ಇದ್ದರೆ ಗ್ರಹಣ. ಇಷ್ಟೆಲ್ಲ ಆದಮೇಲೆ ಇಷ್ಟು ಮತ್ತರು ಹೊಲ, ಇಂಥ ಗಡಿ ಅನ್ನೋ ನಿಜವಾದ ವಿಷಯ. ಕೊನೆಗೆ ಶಾಪ. ಇದನ್ನು ಅಳಿಸಿದವನು ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗಲಿ ಅನ್ನೋ ಥರದ್ದು.

ಬಿರುದುಗಳಲ್ಲಿ ಜಂಬ ಬೇಕಾದಷ್ಟಿದೆ, ಇಲ್ಲ ಅನ್ನೋದಿಲ್ಲ. ಆದರೂ ಆ ಸಾಲಿನಲ್ಲಿ ಒಂದೊಂದಕ್ಕೂ ಕೆಲಸ ಇದೆ. ರಾಜನ ಹೆಸರು ಯಾಕೆ? ಯಾರ ಅಧಿಕಾರದಲ್ಲಿ ಕೊಟ್ಟದ್ದು ಅಂತ ನಾಳೆ ಕೇಳ್ತಾರೆ. ಮಹಾಜನರ ಹೆಸರು ಯಾಕೆ? ಸಾಕ್ಷಿಗೆ. ಗ್ರಹಣ ಯಾಕೆ? ಪುಣ್ಯಕಾಲದ ದಾನ ಅಂತ ಅವರು ಬರೆಸಿದ್ರು. ನನ್ನಂಥವನಿಗೆ ಅದು ಒಳ್ಳೇ ಟೈಮ್‌ಸ್ಟ್ಯಾಂಪ್ ಥರ ಕಾಣುತ್ತೆ. ಗ್ರಹಣ ಯಾವ ದಿನ ಆಗಿತ್ತು ಅಂತ ಇವತ್ತೂ ಲೆಕ್ಕ ಹಾಕಿ ನೋಡಬಹುದು. ಸುಳ್ಳು ಕಲ್ಲು ಸಿಕ್ಕಿಬೀಳೋದು ಎಷ್ಟೋ ಸಲ ಇಂಥ ಜಾಗದಲ್ಲೇ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಇದಕ್ಕೆ ನನಗೆ ಪ್ರಿಯವಾದ ಉದಾಹರಣೆ. ಶಕ 867, ಅಂದ್ರೆ ಕ್ರಿ.ಶ. 945, ಸೂರ್ಯಗ್ರಹಣದ ದಿನ. ಸಂಸ್ಕೃತದಲ್ಲಿದೆ. ಆಗ ಮಾನ್ಯಖೇಟದಿಂದ, ಈಗಿನ ಮಳಖೇಡದಿಂದ, ರಾಷ್ಟ್ರಕೂಟ ಮೂರನೇ ಕೃಷ್ಣ ಆಳ್ತಿದ್ದ. ಸಾಲೋಟಗಿಯ ಹೆಸರು ಆಗ ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ತ್ರಯೀಪುರುಷರ ಗುಡಿಗೆ ಸೇರಿದ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನಿಂದ ವಿದ್ಯಾರ್ಥಿಗಳು ಬರ್ತಿದ್ರು. ಅವರ ವಸತಿಗೆ 27 ಮನೆ, ಖರ್ಚಿಗೆ 500 ನಿವರ್ತನ ಭೂಮಿ. ಅದರ ಮೇಲೆ ಊರಿನವರು ತಮ್ಮ ತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡ್ರು. ಮನೆಯಲ್ಲಿ ಮದುವೆ ಆದರೆ ಶಾಲೆಗೆ ಇಷ್ಟು ಹಣ, ಮುಂಜಿವೆ ಆದರೆ ಅದರರ್ಧ. ಶಾಲೆ ಇದ್ದ ಪಾವಿಟ್ಟಗೆಯೇ ಜನರ ಬಾಯಲ್ಲಿ ಸವೆದು ಸಾಲೋಟಗಿ ಆಯ್ತು ಅಂತ ವಿದ್ವಾಂಸರು ಹೇಳ್ತಾರೆ. ನಮ್ಮ ಇಂಡಿಯಲ್ಲಿ ಸಾವಿರ ವರ್ಷದ ಹಿಂದೆ ಹಾಸ್ಟೆಲ್ ಇರೋ ಕಾಲೇಜು ಇತ್ತು ಅಂತ ಆಫೀಸಿನಲ್ಲಿ ಹೇಳಿದ್ರೆ, ನಿಂಬೆಹಣ್ಣಿಗೆ ಫೇಮಸ್ಸಾದ ಆ ಇಂಡಿನಾ ಅಂತ ಕೇಳ್ತಾರೆ. ಅದೇ ಇಂಡಿ.

ಆ ಶಾಲೆ ಎಂದೋ ಹೋಯ್ತು. ಭೂಮಿಗೆ ನೂರಾರು ಸಲ ಹೆಸರು ಬದಲಾಯ್ತು. ಮದುವೆಯ ಕಾಸು ಕೇಳೋರು ಯಾರೂ ಇಲ್ಲ. ಕಲ್ಲಿನ ಮುಖ್ಯ ವಿಷಯ ಅಂದ್ರೆ ಆ ದಾನ, ಅದು ಪೂರ್ತಿ ಸೋತಿದೆ. ಉಳಿದು ಕೆಲಸಕ್ಕೆ ಬಂದದ್ದು ಪೀಠಿಕೆ: ಯಾವ ರಾಜ, ಯಾವ ವರ್ಷ, ಯಾವ ಊರು, ಯಾರ ಮಗ ಯಾರು.

ಈ ಕ್ರಮ ಕಲ್ಲಿನ ಜೊತೆ ಸತ್ತುಹೋಗಿಲ್ಲ. ಕೃಷ್ಣೆಯ ಹಿನ್ನೀರಿಗೆ ಹೊಲ ಹೋದವರು ನಮ್ಮ ಕಡೆ ಊರೂರಲ್ಲಿದ್ದಾರೆ, ನಮ್ಮ ಅತ್ತೆಯೂ ಅವರಲ್ಲಿ ಒಬ್ಬಳು. ಪರಿಹಾರದ ಅರ್ಜಿ ಬರೆಸೋಕೆ ಒಮ್ಮೆ ನಾನೂ ಅವಳ ಜೊತೆ ಮುದ್ದೇಬಿಹಾಳಕ್ಕೆ ಹೋಗಿದ್ದೆ, ಆಗ ಪಿಯುಸಿಯಲ್ಲಿದ್ದೆ. ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಕೂತ ಅರ್ಜಿ ಬರೆಯೋ ಮುದುಕರು. ಅತ್ತೆ ಕೂತವಳೇ ಕಣ್ಣೀರು ಹಾಕಿಕೊಂಡು ಶುರು ಮಾಡಿದ್ಲು.

“ಕಾಕಾರ, ನನ್ನ ಹೊಟ್ಟಿ ಉರಿಯಾಕ ಹತ್ತೇತ್ರಿ, ಮೊದಲ ಅದನ್ನ ಬರೀರಿ.”

ಅವರು ಪೆನ್ನಿನ ಟೊಪ್ಪಿಗೆ ತೆಗೀಲಿಲ್ಲ. “ತಂಗೆವ್ವಾ, ಹೊಟ್ಟಿ ಉರಿ ಎಲ್ಲಾರ್ದೂ ಒಂದ ನಮೂನಿ ಇರ್ತೈತಿ. ಸರ್ವೇ ನಂಬರ ಒಬ್ಬೊಬ್ಬರ್ದು ಬ್ಯಾರೆ. ಮೊದಲ ಸರ್ವೇ ನಂಬರ ಹೇಳು.”

ಹೆಸರು, ಗಂಡನ ಹೆಸರು, ಊರು, ಸರ್ವೇ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ತಾರೀಖಿನ ನೋಟಿಸು. ಅದಾದಮೇಲೆ ‘ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’. ಹೊಟ್ಟೆಯ ಉರಿಗೆ ಕೊನೆಗೆ ಎರಡು ಸಾಲು ಸಿಕ್ಕಿತು, ಅದೂ ‘ಬಡ ರೈತ ಕುಟುಂಬ’ ಅನ್ನೋ ರೂಪದಲ್ಲಿ. ಅತ್ತೆಗೆ ಸಮಾಧಾನ ಆಗಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಬೈಕೊಂಡೇ ಬಂದ್ಲು. ಆದರೆ ಆ ಮುದುಕರಿಗೆ ಓದುವವನು ಯಾರು ಅಂತ ಗೊತ್ತಿತ್ತು. ಅವನ ಟೇಬಲ್ಲಿನ ಮೇಲೆ ಅಂಥವು ಮುನ್ನೂರು ಅರ್ಜಿ ಇರ್ತವೆ. ಇದು ಯಾವ ಫೈಲಿನದು ಅಂತ ಮೂರನೇ ಸಾಲಿಗೆ ಗೊತ್ತಾಗದಿದ್ದರೆ ನಾಲ್ಕನೇ ಸಾಲು ಅವನು ಓದೋದಿಲ್ಲ. ಈಗ ನಮ್ಮ ಟೀಮಿನಲ್ಲಿ ಡಿಸೈನ್ ಡಾಕ್ಯುಮೆಂಟ್ ರಿವ್ಯೂ ಮಾಡೋವಾಗ ನಾನು ಕೇಳೋದೂ ಹೆಚ್ಚುಕಡಿಮೆ ಸರ್ವೇ ನಂಬರನ್ನೇ: ಯಾವ ಸರ್ವಿಸು, ಎಷ್ಟು ರಿಕ್ವೆಸ್ಟು, ಯಾವತ್ತಿನಿಂದ ನಿಧಾನ ಆಗಿದೆ. ಡಿಜಿಟಲ್ ಯುಗದ ಸುದ್ದಿ ಬೇಡ.

ಈಗ ಜಗಳದ ಕಥೆಗೆ ಬರೋಣ.

ಜಾನ್ ಫೇತ್‌ಫುಲ್ ಫ್ಲೀಟ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. ಮುಂಬಯಿ ಪ್ರಾಂತ್ಯದ ಸಿವಿಲ್ ಸರ್ವಿಸಿನಲ್ಲಿದ್ದು, ನಮ್ಮ ಭಾಗದ ಸಾವಿರ ಕಷ್ಟದ ಕಲ್ಲುಗಳನ್ನ ಕೂತು ಓದಿದ ಮನುಷ್ಯ. 1882ರಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕ ಬರೆದ. ಆಗ ನಮ್ಮ ಕಡೆಯ ಸೀಮೆಗೆ ಸರಕಾರಿ ಕಾಗದದಲ್ಲಿ ‘ದಕ್ಷಿಣ ಮರಾಠಾ ಸೀಮೆ’ ಅನ್ನೋ ಹೆಸರು ಓಡಾಡ್ತಿತ್ತು. ಅಂಥ ಕಾಲದಲ್ಲಿ ಪುಸ್ತಕದ ಹೆಸರಲ್ಲೇ ಇವು ಕನ್ನಡ ಜಿಲ್ಲೆಗಳು ಅಂತ ಬರೆದದ್ದು ಸಣ್ಣ ಮಾತಲ್ಲ, ಅದೂ ಒಂದು ಥರ ಪೀಠಿಕೆಯೇ. ಆ ಪುಸ್ತಕಕ್ಕೆ ಬಂಡವಾಳ ಏನು ಅಂತ ನೋಡಿದರೆ, ಶಾಸನಗಳ ಮೊದಲ ಭಾಗ. ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು, ಕಲಚುರಿಗಳು, ಸೇವುಣರು, ಯಾರಾದ ಮೇಲೆ ಯಾರು ಅನ್ನೋ ಸರಪಳಿಯನ್ನ ಆತ ಜೋಡಿಸಿದ್ದು ದಾನಪತ್ರಗಳ ಪೀಠಿಕೆಗಳನ್ನ ಒಂದರ ಪಕ್ಕ ಒಂದಿಟ್ಟು. ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಇಸವಿಗಳಲ್ಲಿ ಎಷ್ಟೋ ಅಲ್ಲಿಂದ ಬಂದವು. ಫ್ಲೀಟನ ಮೇಲೆ ಮುಂದೆ ನಾನು ಸ್ವಲ್ಪ ಸಿಟ್ಟು ಮಾಡಿಕೊಳ್ತೀನಿ, ಅದಕ್ಕೆ ಮೊದಲು ಈ ಋಣ ಹೇಳಿಬಿಡೋದು ನ್ಯಾಯ.

1890ರ ದಶಕದ ಕೊನೆಗೆ ಎಪಿಗ್ರಾಫಿಯಾ ಇಂಡಿಕಾದ ಐದನೇ ಸಂಪುಟದಲ್ಲಿ ಆತ ಎರಡು ಊರಿನ ಶಾಸನ ಪ್ರಕಟಿಸಿದ. ಒಂದು ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರು. ಅಲ್ಲಿ ಏಕಾಂತದ ರಾಮಯ್ಯನ ಕಥೆ ಇದೆ. ಜೈನರೊಡನೆ ಪಂಥ ಕಟ್ಟಿ ತನ್ನ ತಲೆ ತಾನೇ ಕತ್ತರಿಸಿಕೊಂಡು, ಮತ್ತೆ ತಲೆ ಕೂಡಿ ಎದ್ದ ಶಿವಭಕ್ತ. ಇನ್ನೊಂದು ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ, 1161ರದ್ದು. ಮನಗೂಳಿ ಶಾಸನದಲ್ಲಿ ಒಬ್ಬ ಬಸವ ಬರ್ತಾನೆ, ಗುಡಿ ಕಟ್ಟಿಸಿದವನು. ಒಬ್ಬ ಮಾದಿರಾಜನೂ ಬರ್ತಾನೆ, ಊರಿನ ಮಹಾಪ್ರಭು. ಬಸವಣ್ಣನವರ ತಂದೆಯ ಹೆಸರು ಮಾದಿರಾಜ ಅಲ್ಲವೇ, ಬಾಗೇವಾಡಿಗೆ ಹತ್ತು ಹನ್ನೊಂದು ಮೈಲಿ ದೂರದ ಊರು ಬೇರೆ, ಓದುವವನಿಗೆ ಮೈ ಜುಮ್ಮೆನ್ನುತ್ತೆ. ಆದರೆ ಈ ಬಸವನ ಅಪ್ಪ ಚಂದಿರಾಜ, ಅವ್ವ ಚಂದ್ರಾಂಬಿಕೆ ಅಂತ ಕಲ್ಲೇ ಹೇಳುತ್ತೆ. ಹೆಸರು ಕೂಡ್ತು, ಮನುಷ್ಯ ಕೂಡಲಿಲ್ಲ.

ಫ್ಲೀಟನ ಒಲವು ಏಕಾಂತದ ರಾಮಯ್ಯನ ಕಡೆ ಹೋಯ್ತು. ವೀರಶೈವ ಚಳವಳಿಯ ಮೊದಲ ಮುಂದಾಳು ಅವನೇ ಇರಬೇಕು, ಬಸವ–ಬಿಜ್ಜಳರ ಕಥೆ ಹೇಳೋ ಪುರಾಣಗಳು ತಡವಾಗಿ ಹುಟ್ಟಿದವು, ತುಂಬ ಪವಾಡ, ಇತಿಹಾಸಕ್ಕೆ ಅವನ್ನ ನಂಬೋದು ಕಷ್ಟ ಅನ್ನೋ ದಾರಿ ಅದು. ಭೀಮಕವಿಯ ಕನ್ನಡ ಬಸವಪುರಾಣ 1369ರದ್ದು, ಬಸವಣ್ಣನವರಿಗಿಂತ ಇನ್ನೂರು ವರ್ಷ ಈಚೆ. ಹಾಗಾಗಿ ಆ ಅನುಮಾನದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ.

ಇಲ್ಲಿ ನನ್ನ ತಕರಾರು ಆತನ ತೀರ್ಮಾನಕ್ಕಿಂತ ಆತ ವಾದ ಶುರು ಮಾಡಿದ ಜಾಗದ ಮೇಲೆ. ಕಲ್ಲಿನಲ್ಲಿದ್ದರೆ ಸಾಕ್ಷಿ, ಓಲೆಗರಿಯಲ್ಲಿದ್ದರೆ ಕಥೆ. ಇದನ್ನ ಮೊದಲೇ ನೆಟ್ಟುಬಿಟ್ಟರೆ ಮುಂದಿನ ದಾರಿಯೆಲ್ಲ ತಾನಾಗೇ ಇಳಿಜಾರು. ಕತ್ತರಿಸಿದ ತಲೆ ಕೂಡಿದ ಕಥೆ ಅಬ್ಬಲೂರಿನ ಕಲ್ಲಿನಲ್ಲಿದೆ ಅಂತ ಅಲ್ಲಿನ ಪವಾಡವನ್ನ ಬದಿಗಿಟ್ಟು ಮನುಷ್ಯನನ್ನ ಒಪ್ಪಿಕೊಳ್ತೀವಿ. ಬಾಗೇವಾಡಿಯವರ ಕಥೆಗೂ ಅದೇ ರಿಯಾಯಿತಿ ಕೊಡಬಹುದಿತ್ತು, ಪವಾಡ ಬಿಟ್ಟು ಮನುಷ್ಯನನ್ನ ಇಟ್ಟುಕೊಳ್ಳಬಹುದಿತ್ತು. ಅದು ಪುಸ್ತಕದ್ದು ಅನ್ನೋ ಕಾರಣಕ್ಕೆ ಸಿಗಲಿಲ್ಲ. ಈ ನಿಯಮವನ್ನ ಆತ ಎಲ್ಲೂ ವಾದಿಸಿ ಗೆಲ್ಲಬೇಕಾಗಲಿಲ್ಲ. ಅದು ಅಡಿಪಾಯದಲ್ಲಿತ್ತು, ಅಡಿಪಾಯವನ್ನ ಯಾರೂ ಬಗ್ಗಿ ನೋಡಲಿಲ್ಲ.

ಬಗ್ಗಿ ನೋಡಿದವರು ವಿಜಾಪುರದ ಒಬ್ಬ ವಕೀಲರು. ಫ. ಗು. ಹಳಕಟ್ಟಿ, 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, 1904ರಲ್ಲಿ ವಿಜಾಪುರದಲ್ಲಿ ವಕೀಲಿ ಶುರು ಮಾಡಿದವರು. ಹಳೇ ಮನೆಗಳ ಜಂತಿಯಲ್ಲಿ, ಮಠಗಳ ಗಂಟಿನಲ್ಲಿ ಸಿಕ್ಕ ಓಲೆಗರಿಗಳನ್ನ ಕೂಡಿಸಿ, ವಚನಗಳನ್ನ ಓದಿ, ಹೋಲಿಸಿ, ವಿಷಯವಾರು ಜೋಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಆಮೇಲೆ ತಮ್ಮದೇ ಹಿತಚಿಂತಕ ಮುದ್ರಣಾಲಯ, 1926ರಿಂದ ‘ಶಿವಾನುಭವ’ ಪತ್ರಿಕೆ. ಅವರ ಕೆಲಸದಲ್ಲಿ ನನಗೆ ಕಾಣೋದು ದಾವೆ ಹೂಡೋ ವಕೀಲನ ಅಭ್ಯಾಸ. ದಾವೆಯಲ್ಲಿ ಮೊದಲು ಕೋರ್ಟು, ಪಕ್ಷಗಾರರು, ಆಮೇಲೆ ನಡೆದದ್ದು ಏನು ಅನ್ನೋ ಸಂಗತಿಗಳು, ಜೊತೆಗೆ ದಾಖಲೆ. ಬಸವಣ್ಣನವರು ದೊಡ್ಡವರು ಅಂತ ಭಾಷಣ ಮಾಡೋ ಬದಲು, ಇಗೋ ಅವರ ಮಾತು, ಇಗೋ ಜೊತೆಗಿದ್ದವರ ಮಾತು, ಮಡಿವಾಳ, ಅಂಬಿಗ, ಮಾದಾರ, ಒಬ್ಬೊಬ್ಬರ ಅಂಕಿತ ಬೇರೆ, ದನಿ ಬೇರೆ ಅಂತ ಟೇಬಲ್ಲಿನ ಮೇಲೆ ಹರಡಿದರು. ಸಾಕ್ಷಿ ಯಾವುದು ಅನ್ನೋ ಪಟ್ಟಿಯೇ ಅಲ್ಲಿಗೆ ಬದಲಾಯ್ತು. ಇಷ್ಟು ಜನ ಒಬ್ಬರನ್ನೊಬ್ಬರು ಹೆಸರಿಡಿದು ಕರೆದು, ತಕರಾರು ಮಾಡಿ, ಹೊಗಳಿ ಮಾತಾಡಿದ್ದಾರೆ. ಇದನ್ನೆಲ್ಲ ಯಾರೋ ಒಬ್ಬ ಕೂತು ಕಲ್ಪಿಸಿದ ಅನ್ನೋದು, ಬಸವಣ್ಣ ಇದ್ದರು ಅನ್ನೋದಕ್ಕಿಂತ ನಂಬೋಕೆ ಕಷ್ಟ.

ಕಲ್ಲೇ ಬೇಕು ಅನ್ನೋರಿಗೆ ಕಲ್ಲೂ ಸಿಕ್ಕಿತು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡ, ಸೇವುಣರ ದೊರೆ ಕನ್ನರನ ಕಾಲದ್ದು, 1260ರ ಶಾಸನ. ಅದರ ಪಾಠ ಎಪಿಗ್ರಾಫಿಯಾ ಇಂಡಿಕಾದಲ್ಲಿ ಬಂದದ್ದು ಫ್ಲೀಟನ ಲೇಖನಗಳಾಗಿ ಸುಮಾರು ಮೂರು ದಶಕದ ನಂತರ, ಆತ ತೀರಿಕೊಂಡ (1917) ಮೇಲೆ. ಕಲ್ಲಿನ ಮುಖ್ಯ ವಿಷಯ ಹಾಲಬಸವಿದೇವ ಅನ್ನುವವನಿಗೆ ಕೊಟ್ಟ ದತ್ತಿ. ಬರೀ ದತ್ತಿಯ ಸಾಲು ಹುಡುಕೋನು ಅದನ್ನ ಓದಿ ಮಡಚಿಟ್ಟುಬಿಡ್ತಿದ್ದ. ಆದರೆ ದತ್ತಿ ಪಡೆಯುವವನು ಯಾರ ಪೈಕಿ ಅಂತ ಹೇಳಬೇಕಲ್ಲ, ಅದಕ್ಕೆ ವಂಶ ಹೇಳುವ ಪೀಠಿಕೆ ಬರುತ್ತೆ. ತರ್ದವಾಡಿ ನಾಡಿನ ಬಾಗವಾಡಿ, ಅಲ್ಲಿನ ಒಡೆಯ ಮಾದಿರಾಜ, ಅವನ ಮಗ ಬಸವರಾಜ, ಸಂಗಮೇಶ್ವರನ ಭಕ್ತ. ಊರು ಕೂಡ್ತು, ತಂದೆ ಕೂಡಿದ, ದೇವರೂ ಕೂಡಿದ. ಮನಗೂಳಿಯಲ್ಲಿ ಬರೀ ಹೆಸರು ಕೂಡಿ ಕೈಕೊಟ್ಟದ್ದು ಇಲ್ಲಿ ಗಂಟು ಹಾಕಿಕೊಂಡು ನಿಂತಿತು.

ತರ್ದವಾಡಿ ಅಂದ್ರೆ ನಮ್ಮದೇ ನಾಡು. ‘ತರ್ದವಾಡಿ ಸಾಸಿರ’ ಅಂತ ಹಳೇ ಶಾಸನಗಳಲ್ಲಿ ಬರೋ ಸಾವಿರ ಊರಿನ ನಾಡು, ಭೀಮಾ ದಂಡೆಯ ತದ್ದೇವಾಡಿ ಅದರ ಮೂಲ ಊರು ಅಂತ ಗುರುತಿಸ್ತಾರೆ. ಕಲ್ಯಾಣ ಚಾಲುಕ್ಯ ತೈಲಪ ಚಕ್ರವರ್ತಿ ಆಗೋ ಮೊದಲು ರಾಷ್ಟ್ರಕೂಟರ ಕೈಯಿಂದ ಪಡೆದು ಉಂಬಳಿಯಾಗಿ ಆಳುತ್ತಿದ್ದದ್ದೂ ಇದನ್ನೇ. ಸರ್ವೇ ನಂಬರು ಹೇಳಿದ ಹಾಗೆ ಅರ್ಜುನವಾಡದ ಕಲ್ಲು ನಾಡು ಹೇಳಿ, ಊರು ಹೇಳಿ, ಅಪ್ಪನ ಹೆಸರು ಹೇಳಿದೆ.

ಇದಕ್ಕೂ ಒಂದು ಆಕ್ಷೇಪ ಇದೆ, ಅದು ನನಗೆ ಪೂರ್ತಿ ಪೊಳ್ಳು ಅನ್ನಿಸೋದಿಲ್ಲ. 1260 ಅಂದ್ರೆ ಬಸವಣ್ಣನವರಾಗಿ ತೊಂಬತ್ತು ವರ್ಷದ ಮೇಲೆ. ದತ್ತಿ ಪಡೆಯೋ ಮನೆತನ ದೊಡ್ಡವರ ಹೆಸರು ಹೇಳಿಕೊಳ್ಳೋದು ಹೊಸದೇನಲ್ಲ, ನಮ್ಮಲ್ಲೂ ಮದುವೆ ಮಾತುಕತೆಯಲ್ಲಿ ಎಲ್ಲರ ಮುತ್ತಜ್ಜನೂ ದೇಸಾಯರ ಪೈಕಿಯೇ ಆಗಿರ್ತಾನೆ. ಹಾಲಬಸವಿದೇವನ ಮನೆಯವರು ನಂಟಸ್ತಿಕೆಯನ್ನ ಸ್ವಲ್ಪ ಹಿಗ್ಗಿಸಿ ಹೇಳಿರಬಹುದು. ಇರಲಿ ಅಂತ ಒಪ್ಪಿಕೊಳ್ಳೋಣ. ಹಾಗೆ ಒಪ್ಪಿಕೊಂಡರೂ ಸಾಕ್ಷಿ ಹಗುರಾಗೋದಿಲ್ಲ, ನನ್ನ ಲೆಕ್ಕದಲ್ಲಿ ಇನ್ನೂ ಭಾರ ಆಗುತ್ತೆ. ಎದುರಿಗಿರೋನಿಗೆ ಗೊತ್ತೇ ಇಲ್ಲದ ಹೆಸರಿಗೆ ನಂಟಸ್ತಿಕೆ ಹೇಳಿಕೊಂಡು ಯಾರಿಗೆ ಏನು ಲಾಭ? ಆ ಕಲ್ಲು ಕೊರೆಸಿದವರಿಗೆ ಬಸವಣ್ಣನವರು ಇದ್ದರು ಅಂತ ಸಾಬೀತು ಮಾಡೋ ಯಾವ ಉದ್ದೇಶವೂ ಇರಲಿಲ್ಲ, ಅವರಿಗೆ ಬೇಕಿದ್ದದ್ದು ದತ್ತಿಯ ಹಕ್ಕು. ಎಲ್ಲರೂ ಒಪ್ಪೋ ಮಾತಿನಿಂದ ಶುರು ಮಾಡಿ, ಒಪ್ಪಿಸಬೇಕಾದ ಮಾತಿಗೆ ಬಂದಿದ್ದಾರೆ. 1260ರ ಅರ್ಜುನವಾಡದಲ್ಲಿ ತಕರಾರು ಬರಬಹುದಾಗಿದ್ದದ್ದು ಹಾಲಬಸವಿದೇವನ ಭೂಮಿಯ ಮೇಲೆ. ಬಾಗವಾಡಿಯ ಮಾದಿರಾಜನ ಮಗ ಬಸವರಾಜ ಯಾರು ಅಂತ ಅಲ್ಲಿ ನಿಂತು ಕೇಳಿದ ಜನರಿಗೆ ಬಿಡಿಸಿ ಹೇಳೋ ಪ್ರಮೇಯ ಬಂದ ಹಾಗೆ ಕಾಣೋದಿಲ್ಲ.